ಬಿಸಿನೀರಿನ ಉಚ್ಚೆಂಗೆಪ್ಪ
ಸಿರುಗುಪ್ಪದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಸೋಲಾರ್ ಬಿಸಿನೀರು ನೋಡಿಕೊಳ್ಳುವ ಉಚ್ಚೆಂಗೆಪ್ಪನಿಗೆ, ಟ್ಯಾಂಕಿನ ನೀರನ್ನು ಮಾಳಿಗೆಯ ಪ್ಯಾನೆಲಿಗೆ ಹರಿಸುವ ಪಂಪು ಬಿಸಿಲಿಲ್ಲದಾಗ ಓಡುವ ಸದ್ದು ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಉಣ್ಣುವ ಕೈಯಲ್ಲೇ ಮಾಳಿಗೆಗೆ ಓಡಿ ಪಂಪು ನಿಲ್ಲಿಸುತ್ತಾನೆ. "ಮ್ವಾಡ ಕವಿದಾಗ ಪಂಪು ಓಡಿದ್ರ ಟ್ಯಾಂಕಿನ ಬಿಸಿನೀರು ಪ್ಯಾನೆಲಿಗೆ ಹೋಗಿ ಆರಿ ಬರ್ತೈತ್ರಿ" ಎಂದು ಡಾಕ್ಟರನ್ನೂ ಗದರುತ್ತಾನೆ. ಕಳೆದ ಶ್ರಾವಣದಲ್ಲಿ ಕಂಪನಿಯ ಎಂಜಿನಿಯರು, ಅವನು ಬೇಡವೆಂದರೂ ಕೇಳದೆ, ಪಂಪು ದಿನವಿಡೀ ಓಡುವಂತೆ ಮಾಡಿ, ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿಹೋದ. ಮರುದಿನ ಸಿರಿಗೇರಿಯ ಬಾಣಂತಿ ಪಕ್ಕೀರಮ್ಮ ತಣ್ಣೀರಲ್ಲಿ ಮಿಂದು ಮಂಚದಲ್ಲಿ ನಡುಗುತ್ತಿದ್ದಳು. "ನೀರು ತಣ್ಣಗೈತಿ ಅಂತ ಹೇಳಬಾರದೇನವ್ವ?" ಎಂದು ಉಚ್ಚೆಂಗೆಪ್ಪ ಕೇಳಿದ. "ಬಡವ್ರಿಗೆ ಇಂಥಾ ನೀರೇ ಕೊಡ್ತಾರ ಅಂದ್ಕೊಂಡೆ ಅಣ್ಣ" ಎಂದಳು. ಅವನು ಆಗಲೇ ಫೋನು ಮಾಡಿ ಎಂಜಿನಿಯರನ್ನು ಕರೆಸಿದ, ಮಾಳಿಗೆಗೆ ಹತ್ತಿಸದೆ ನೇರ ಅವಳ ಮಂಚದ ಮುಂದೆ ನಿಲ್ಲಿಸಿ, "ಆಗ ನನಗ ಅಂದ್ಯಲ್ಲ, ಅದನ್ನ ಇವರಿಗೂ ಹೇಳವ್ವ" ಎಂದ.