ನಾನ್ಯಾರು ಹೇಳು, ನೋಡಣ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಕಲಿತದ್ದು ಅರ್ಧ ದುಡಿಮೆಯಿಂದ, ಇನ್ನರ್ಧ ಸಿನಿಮಾದಿಂದ. ದುಡಿಮೆ ಕಲಿಸಿದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ಸಿನಿಮಾ ಕಲಿಸಿದ್ದರ ಕಥೆ ಹೇಳುತ್ತೇನೆ, ಕೇಳಿ.

ಮೊನ್ನೆ ಭಾನುವಾರ ಟಿವಿಯಲ್ಲೊಂದು ಹಳೆಯ ಚಿತ್ರ ಬರುತ್ತಿತ್ತು. ನಾಯಕನ ತಲೆಗೆ ಪೆಟ್ಟು, ಹೆಂಡತಿಯ ಗುರುತೇ ಇಲ್ಲ. ಅವಳು ಗುಡಿಯ ಮೆಟ್ಟಿಲ ಮೇಲೆ ಕೂತು ಹಾಡಿದಳು. ಇವನು ತಲೆ ಹಿಡಿದುಕೊಂಡು ಎರಡು ಸುತ್ತು ತಿರುಗಿ ಅವಳ ಹೆಸರು ಕೂಗಿದ. ಮುಗಿಯಿತು. ಮುಂದಿನ ಸೀನಿನಲ್ಲಿ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ರತ್ನ ತಲೆಯೆತ್ತದೆ, "ಇವ್ನಿಗೆ ಸುಸ್ತೇ ಆಗಲ್ವಂತೆ, ನೋಡಿ" ಅಂದಳು. ನನಗೆ ನಗು ಬರಲಿಲ್ಲ. ಅಂಥ ಸಿನಿಮಾವನ್ನು ಸತ್ಯವೆಂದು ನಂಬಿದ್ದವನು ನಾನೇ.

ಆರು ವರ್ಷದ ಹಿಂದೆ ಕೈವಾರದಿಂದ ಚಿಂತಾಮಣಿಗೆ ಬರುವಾಗ ನನ್ನ ಸ್ಕೂಟರಿನ ಚಕ್ರಕ್ಕೆ ರತ್ನಳ ಸೆರಗು ಸಿಕ್ಕಿ, ಅವಳು ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಯಿತು. ನನಗೆ ತರಚು ಗಾಯವೂ ಇಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳು ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ನನಗಿದ್ದ ಭಯ ಒಂದೇ. ಕಣ್ಣು ಬಿಟ್ಟವಳು 'ನೀವ್ಯಾರು' ಅಂದುಬಿಟ್ಟರೆ? ಮದುವೆಯ ಫೋಟೋ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಹಾಡಲು ಬರುವುದಿಲ್ಲವಲ್ಲ ಎಂಬುದು ಇನ್ನೊಂದು ಚಿಂತೆ.

ಹನ್ನೆರಡನೇ ದಿನ ಕಣ್ಣು ಬಿಟ್ಟಳು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಗಡ್ಡ ಯಾಕ್ ಬಿಟ್ಟಿದ್ದೀರಾ? ಮಿಲ್ಲು ಯಾರ್ ನೋಡ್ಕೊತಾವ್ರೆ?" ಅಂದಳು.

ಕೆಳಗೆ ಓಡಿಹೋಗಿ ಮೈಸೂರುಪಾಕು ತಂದು ವಾರ್ಡಿಗೆಲ್ಲ ಹಂಚಿದೆ. ಊರಿಗೆ ಬಂದ ಮೇಲೆ ನಮ್ಮ ಬೀದಿಗೆಲ್ಲ ಹಂಚಿದೆ. ಆಸ್ಪತ್ರೆ ಬಿಡುವ ಮುಂಚೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ಗುರುತು ಹಿಡಿದ ಮಾತ್ರಕ್ಕೆ ವಾಸಿಯಾಯಿತು ಅಂತಲ್ಲ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಬಹುದು, ಬೇಗ ದಣಿಯುತ್ತಾರೆ, ಒಬ್ಬರನ್ನೇ ಬಿಡಬೇಡಿ. ಚಿತ್ರ ಮುಗಿದ ಮೇಲೆ ಪರದೆಯ ಮೇಲೆ ಓಡುವ ಹೆಸರುಗಳನ್ನು ಯಾರು ಓದುತ್ತಾರೆ? ನಾನೂ ಹಾಗೇ ತಲೆಯಾಡಿಸಿ ಎದ್ದು ಬಂದೆ.

ಮನೆಗೆ ಬ್ರೆಡ್ಡು, ಮೂಸಂಬಿ ಹಿಡಿದು ಬಂದವರೆಲ್ಲ ಅವಳ ಮುಂದೆ ನಿಂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಾನ್ಯಾರು ಹೇಳು, ನೋಡಣ. ನಮ್ಮ ಸೋದರತ್ತೆ ತೆಲುಗಿನಲ್ಲೂ ಕೇಳಿ ಪರೀಕ್ಷೆ ಮಾಡಿದರು. "ನಮ್ ಇಡ್ಲಿ ಪಾತ್ರೆ ತಗೊಂಡೋಗಿ ವರ್ಷ ಆಯ್ತಲ್ಲ, ಆ ಅತ್ತೆ" ಅಂದಳು ರತ್ನ. ಎಲ್ಲರೂ ನಕ್ಕರು. ನನ್ನ ಎದೆ ಉಬ್ಬಿತು.

ತಿಂಗಳು ಕಳೆದು ಮಿಲ್ಲಿಗೆ ಬಂದಳು. ನಮ್ಮದು ಹಿಟ್ಟು ಬೀಸುವ ಮಿಲ್ಲು. ಸಾಲಾಗಿ ಇಟ್ಟು ಹೋದ ಇಪ್ಪತ್ತು ಡಬ್ಬಗಳಲ್ಲಿ ಯಾವುದು ಯಾರದೆಂದು ಚೀಟಿಯಿಲ್ಲದೆ ಹೇಳುತ್ತಿದ್ದಳು. ಇನ್ನೇನು ಬೇಕು? ಮಧ್ಯಾಹ್ನ ಮೂಟೆಗೆ ಒರಗಿ ಮಲಗಿಬಿಡುವುದು, ಸ್ವಿಚ್ಚಿನ ಮುಂದೆ ಸುಮ್ಮನೆ ನಿಲ್ಲುವುದು, ಮಿಷನ್ನಿನ ಸದ್ದಿಗೆ ಸಿಡುಕುವುದು ಕಂಡಾಗ ಸೋಮಾರಿತನ ಅಂದುಕೊಂಡೆ. ಒಂದೆರಡು ಸಲ ಅಂದೂ ಬಿಟ್ಟೆ.

ಆಗ ನಮ್ಮಲ್ಲಿದ್ದದ್ದು ಒಂದೇ ಮಿಷನ್ನು. ಮೆಣಸಿನಕಾಯಿ ಬೀಸಿದ ಮೇಲೆ ಒಂದೆರಡು ಸೇರು ನುಚ್ಚು ಹಾಕಿ ಖಾರವೆಲ್ಲ ಹೋಗುವಂತೆ ಓಡಿಸಿ, ಆಮೇಲೆ ಬೇರೆ ಧಾನ್ಯ ಹಾಕಬೇಕು. ಇಪ್ಪತ್ತು ವರ್ಷ ಅವಳೇ ಮಾಡಿದ ಕೆಲಸ. ಒಂದು ದಿನ ಮುರುಗಮಲ್ಲದಲ್ಲಿ ಮದುವೆಯಿತ್ತು. ಅವಳೊಬ್ಬಳನ್ನೇ ಮಿಲ್ಲಿನಲ್ಲಿ ಬಿಟ್ಟು ಹೋದೆ.

ಸಂಜೆ ನಾನು ಮನೆಗೆ ಬಂದ ಹೊತ್ತಿಗೇ ಹಿಂದಿನ ಬೀದಿಯ ನಂಜಮ್ಮಜ್ಜಿ ಡಬ್ಬ ಹಿಡಿದು ಬಂದರು. ಆರು ತಿಂಗಳ ಮೊಮ್ಮಗುವಿನ ಸರಿ ಹಿಟ್ಟಿಗೆಂದು ಬೆಳಿಗ್ಗೆ ಮೊಳಕೆ ರಾಗಿ ಬೀಸಿಸಿಕೊಂಡು ಹೋಗಿದ್ದರು. ಕೂಗಾಡಲಿಲ್ಲ. ಮುಚ್ಚಳ ತೆಗೆದು, "ನಾಲಿಗೆ ಮೇಲ್ ಇಟ್ ನೋಡಪ್ಪ" ಅಂದರು.

ಇಟ್ಟೆ. ಗಂಟಲತನಕ ಉರಿಯಿತು.

ಮಗು ಒಂದು ಚಮಚ ತಿಂದಿತ್ತಂತೆ. ಎರಡು ಗಂಟೆ ಕಿರುಚಿ, ಉಸಿರು ಕಟ್ಟಿದಾಗ ಡಾಕ್ಟರ ಹತ್ತಿರ ಓಡಿದರಂತೆ. ಈಗ ಮಲಗಿದೆಯೆಂದು ಹೇಳಿ ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡರು. ನೆಗಡಿಯಾಗಿ ಅವರಿಗೆ ವಾಸನೆ ತಿಳಿದಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ರತ್ನಳ ಕಡೆ ತಿರುಗಿ ಬಯ್ಯಲು ಬಾಯಿ ತೆರೆದೆ.

ಅಷ್ಟರಲ್ಲಿ ಅಜ್ಜಿ ನನ್ನನ್ನು ದಾಟಿ ಹೋಗಿ ಅವಳ ಕೈ ಹಿಡಿದು, "ನಿಂಗೇನಾಗ್ತೈತಮ್ಮ, ನಿಜ ಹೇಳು" ಅಂದರು.

ಬಂದವರಿಗೆಲ್ಲ ಪಟಪಟ ಉತ್ತರ ಕೊಟ್ಟವಳು ಆ ಮಾತಿಗೆ ನಿಂತಲ್ಲೇ ಕುಸಿದಳು.

"ಮೆಣಸಿನ್ಕಾಯಿ ಆದ್ಮೇಲೆ ಏನೋ ಹಾಕ್ಬೇಕು ಅಂತ ಗೊತ್ತಜ್ಜಿ. ಏನು ಅಂತ ಹೊಳೀಲಿಲ್ಲ. ಜನ ಕಾಯ್ತಿದ್ರು. ಮುದ್ದೆ ಮಾಡೋಕೂ ಹಂಗೇ. ನೀರು, ಹಿಟ್ಟು, ಕೋಲು ಎಲ್ಲಾ ಮುಂದೆ ಇರ್ತವೆ, ಯಾವ್ದು ಮೊದ್ಲು ಅಂತ ತಿಳಿಯಲ್ಲ. ಪಕ್ಕದ್ಮನೆಗೆ ಹೋಗಿ ಅವ್ರು ಮಾಡೋದು ನೋಡ್ಕೊಂಡ್ ಬರ್ತೀನಿ."

ಎರಡು ತಿಂಗಳು ನಾನು ಉಂಡ ಮುದ್ದೆ ಅದು. ಒಂದೇ ಸೂರಿನ ಕೆಳಗೆ ಇದ್ದು ನನಗೆ ತಿಳಿಯಲಿಲ್ಲ. ನನಗ್ಯಾಕೆ ಹೇಳಲಿಲ್ಲ ಅಂದೆ.

"ನೀವು ಊರಿಗೆಲ್ಲ ಸ್ವೀಟ್ ಹಂಚ್ಬಿಟ್ಟಿದ್ರಲ್ಲ" ಅಂದಳು.

ಆ ಮಾತಿನ ಖಾರ ಇವತ್ತಿಗೂ ಇಳಿದಿಲ್ಲ. ಮತ್ತೆ ಡಾಕ್ಟರ ಬಳಿ ಹೋದೆವು. ಈ ಸಲ ಕೇಳಿಸಿಕೊಂಡೆ. ಸುಧಾರಿಸಿದ್ದಾಳೆ, ಮೊದಲಿನಂತಾಗಿಲ್ಲ. ಆಗುವುದೂ ಇಲ್ಲವೇನೋ. ಬೆಳಿಗ್ಗೆ ಎದ್ದಾಗ ಇವತ್ತು ಹೇಗಿದೆ ಎಂದು ಕೇಳುತ್ತೇನೆ. ಕೆಲವು ದಿನ ಚೆನ್ನಾಗಿಲ್ಲ ಅನ್ನುತ್ತಾಳೆ. ಆ ದಿನ ಮುದ್ದೆ ನನ್ನದು, ಗಂಟುಗಂಟು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಮಿಲ್ಲು, ಮೆಣಸಿನಕಾಯಿಗೇ ಬೇರೆಯದು ಸೇರಿ ಎರಡು ಮಿಷನ್ನು, ಒಂದು ಸ್ಕೂಟರು, ಎರಡು ಹೆಲ್ಮೆಟ್ಟು. ಮತ್ತೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ದಣಿವು ಬರುವ ಮುಂಚೆ, ರತ್ನ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಎರಡು ಗಂಟೆ.