ಲಿಂಬೆಹಣ್ಣು ಹತ್ತಿದ ಗಾಲಿಕುರ್ಚಿ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಗಾಲಿ ಇದ್ದದ್ದಕ್ಕೆಲ್ಲ ಪೂಜೆ. ಅಣ್ಣನ ಟ್ರ್ಯಾಕ್ಟರಿಗೆ, ಮೋಟಾರು ಸೈಕಲ್ಲಿಗೆ, ಅವನ ಮಗಳ ಮೂರು ಗಾಲಿಯ ಸೈಕಲ್ಲಿಗೂ. ಆ ವರ್ಷ ಸಾಲಿನ ಕೊನೆಗೆ ನನ್ನ ಗಾಲಿಕುರ್ಚಿ ನಿಂತಿತು. ಕುರ್ಚಿಯಲ್ಲಿ ನಾನಿದ್ದೆ. ಅದು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಚಿಕ್ಕಂದಿನಲ್ಲೇ ಪೋಲಿಯೊ ಬಂದು ನನ್ನ ಎರಡೂ ಕಾಲು ಹೋಗಿದ್ದವು. ಗಂಗಾವತಿ ಹತ್ತಿರದ ಕಾಲುವೆ ಸೀಮೆಯ ಹಳ್ಳಿ ನಮ್ಮದು. ಕೊಪ್ಪಳ ಜಿಲ್ಲೆಯಾದ ಕೆಲವು ವರ್ಷಕ್ಕೆ ಅಲ್ಲಿಯ ಒಂದು ಶಿಬಿರದಲ್ಲಿ ನನಗೆ ಕುರ್ಚಿ ಸಿಕ್ಕಿತು. ಕೊಟ್ಟವರು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರು. ಬ್ರೇಕು ಯಾವುದು, ಸೊಂಟದ ಪಟ್ಟಿ ಹೇಗೆ ಬಿಗಿಯಬೇಕು ಎಂದು ಒಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೆಲ ಬಿಟ್ಟು ಮೇಲೆ ಕೂತದ್ದೇ ನನಗೆ ಸಾಕಾಗಿತ್ತು.

ನನ್ನ ಹೊಟ್ಟೆ ಹೊರೆಯುತ್ತಿದ್ದದ್ದು ಬಲಗೈ. ಕೈಯಲ್ಲಿ ತಿರುಗಿಸುವ ಹೊಲಿಗೆ ಮಷಿನಿತ್ತು. ಬಲಗೈ ಹಿಡಿಕೆ ತಿರುಗಿಸುತ್ತಿತ್ತು, ಎಡಗೈ ಬಟ್ಟೆ ಸರಿಸುತ್ತಿತ್ತು. ಊರ ಹೆಂಗಸರ ಜಂಪರುಗಳೆಲ್ಲ ನನ್ನಲ್ಲಿಗೇ ಹೊಲಿಗೆಗೆ ಬರುತ್ತಿದ್ದವು. ಅಣ್ಣನ ಮನೆಯಲ್ಲಿ ನಾನು ತಲೆ ಎತ್ತಿ ಉಣ್ಣುತ್ತಿದ್ದದ್ದು ಆ ಕೈಯ ದೆಸೆಯಿಂದ.

ವೈನಿ, ಅಂದರೆ ಅಣ್ಣನ ಹೆಂಡತಿ, ಕುರ್ಚಿಗೆ ಅರಿಷಿಣ ಕುಂಕುಮ ಹಚ್ಚಿ ಹಾರ ಹಾಕಿದರು. ಅಣ್ಣ ಮುಂದಿನ ಎರಡು ಸಣ್ಣ ಗಾಲಿಗಳ ಎದುರು ಒಂದೊಂದು ಲಿಂಬೆಹಣ್ಣು ಇಟ್ಟ.

"ಅಣ್ಣಾ, ಮೊದಲ ನನ್ನ ಇಳಿಸು," ಅಂದೆ.

"ಸುಮ್ನ ಕುಂದ್ರು. ಡ್ರೈವರ್ ಇಲ್ದ ಗಾಡಿ ಪೂಜಿ ಮಾಡ್ತಾರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತಿಗೂ ಹೊಟ್ಟೆ ಉರಿಯುವುದು ಆ ನನ್ನ ನಗೆಗೇ.

ಅಣ್ಣ ಹಿಂದಿನಿಂದ ಜೋರಾಗಿ ದೂಡಿದ. ಟ್ರ್ಯಾಕ್ಟರಿನ ಗಾಲಿ ಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ಅಂಗೈಯಗಲದ ಗಾಲಿಗೆ ಅದೇ ಹಣ್ಣು ಕಲ್ಲುಗುಂಡು. ಗಾಲಿ ನಿಂತಿತು, ಕುರ್ಚಿ ಮುಗ್ಗರಿಸಿತು, ನಾನು ಅಂಗಳದ ಹಾಸುಗಲ್ಲಿನ ಮೇಲೆ ಬಲಗೈ ಊರಿ ಬಿದ್ದೆ. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು.

"ಖುರ್ಚಿಗೇನೂ ಆಗಿಲ್ಲಲ್ಲ?" ಎಂದಳು ಪಕ್ಕದ ಮನೆಯ ಮುದುಕಿ.

"ದೃಷ್ಟಿ ಕಳೀತು ಬಿಡ್ರಿ. ಜೀವಕ್ಕ ಬರೋದು ಕೈಗೆ ಬಂದು ಹೋತು," ಅಂದರು ವೈನಿ.

ಆಸ್ಪತ್ರೆಗೆ ಒಯ್ಯಲು ನನ್ನನ್ನು ಎತ್ತಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿದರು. ಅಲ್ಲಿಂದ ಕಂಡದ್ದನ್ನು ನಾನು ಕ್ಷಮಿಸಿಲ್ಲ. ಪೂಜೆ ಅರ್ಧಕ್ಕೆ ನಿಲ್ಲಬಾರದೆಂದು ಅಣ್ಣ ಖಾಲಿ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿದ, ದೊಡ್ಡ ಗಾಲಿಗಳಡಿ ಅದೇ ಹಣ್ಣುಗಳನ್ನಿಟ್ಟು ಎಳೆದ. ಎರಡೂ ಪಚಕ್ಕನೆ ಒಡೆದವು. ಆಮೇಲೆ ನನ್ನ ಕಡೆ ಬಂದ.

ಕೊಪ್ಪಳದ ಆಸ್ಪತ್ರೆಯಲ್ಲಿ ಪ್ಲಾಸ್ಟರು ಬಿಚ್ಚಿದ ಮೇಲೆ, ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಎಲ್ಲ ಹೇಳಿಕೊಟ್ಟಳು. ಸೊಂಟಕ್ಕೆ ಪಟ್ಟಿ ಬಿಗಿಯಬೇಕು, ನಿಂತಲ್ಲೆಲ್ಲ ಬ್ರೇಕು ಹಾಕಬೇಕು, ಬಿದ್ದದ್ದನ್ನು ಎತ್ತಿಕೊಳ್ಳಲು ಮುಂದಕ್ಕೆ ಬಾಗಬಾರದು.

"ಹೊಸ್ತಿಲಾ, ಕಲ್ಲಾ, ಏನರ ಅಡ್ಡ ಬಂದ್ರ ಖುರ್ಚಿ ಹಿಂದ ತಿರುಗಿಸಿ ದೊಡ್ಡ ಗಾಲಿ ಮೊದಲ ಹತ್ತಿಸ್ಬೇಕ್ರಿ," ಅಂದಳು. "ನಿಮ್ಮ ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲೇನ್ರಿ?"

"ಗೊತ್ತೈತವ್ವಾ. ಖಾಲಿ ಖುರ್ಚಿ ಹಂಗ ಹತ್ತಿಸಿದ್ರು."

ಮಣಿಕಟ್ಟು ಸೊಟ್ಟಗೆ ಕೂಡಿತು. ಮಷಿನಿನ ಹಿಡಿಕೆ ಎರಡು ಸುತ್ತು ತಿರುಗಿಸಿದರೆ ಕಣ್ಣಲ್ಲಿ ನೀರು. ಜಂಪರಿನ ಬಟ್ಟೆಗಳು ಒಂದೊಂದಾಗಿ ಗಂಗಾವತಿಯ ದರ್ಜಿಗಳ ಪಾಲಾದವು. ಊಟದ ಹೊತ್ತಿಗೆ ವೈನಿ ಕರೆಯುವವರೆಗೆ ಕಾಯುವುದನ್ನು ನಾನು ಕಲಿತೆ.

ಮರುವರ್ಷ ಅಣ್ಣ ಮತ್ತೆ ಲಿಂಬೆಹಣ್ಣು ಹಿಡಿದು ಬಂದ. ನಾನು ಬ್ರೇಕು ಹಾಕಿ, ಪಟ್ಟಿ ಬಿಗಿದು ಕೂತಿದ್ದೆ.

"ನನ್ನ ಇಳಿಸೋತನಕ ಬ್ರೇಕ್ ಮುಟ್ಟಬ್ಯಾಡ."

"ಒಂದು ವರ್ಷಾತು, ಇನ್ನೂ ಮರ್ತಿಲ್ಲಲ್ಲ ನೀ," ಎಂದು ರೇಗುತ್ತಲೇ ನನ್ನನ್ನು ಚಾಪೆಗೆ ಇಳಿಸಿದ. ಆಮೇಲೆ ಒಳಗಿನಿಂದ ನನ್ನ ಮಷಿನು ತಂದು ಸಾಲಿನಲ್ಲಿಟ್ಟು ಹಾರ ಹಾಕಿದ.

"ಅದು ನಿಂತು ವರ್ಷಾತು. ಅದಕ್ಯಾಕ ಹಾರ?"

"ಆಯುಧ ಅಲ್ಲೇನು? ಪೂಜಿ ಬಿಡಬಾರದು."

ಕುರ್ಚಿಯ ಗಾಲಿಗೆ ಕುಂಕುಮ ಬಿತ್ತು, ಮಷಿನಿನ ಹಿಡಿಕೆಗೂ ಬಿತ್ತು. ನನ್ನ ಸೊಟ್ಟ ಕೈ ಮಡಿಲಲ್ಲೇ ಇತ್ತು, ಅದರ ಕಡೆ ಯಾರೂ ನೋಡಲಿಲ್ಲ.