ಮೊದಲ ಅಡಕಿ ಯಾರು ಹಿಡಿಯಬೇಕು

ನಾ ಮೂರನೇ ಇಯತ್ತೆ ಕಲಿತಾಕಿ. ಆದರೂ ಈಗ ಅಕ್ಕಿಆಲೂರು ಸಂತ್ಯಾಗ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳ್ತೇನಿ, "ಅಡಕಿಗೆ ಸುಮಾತ್ರಾದಾಗ ಏನಂತಾರ, ಗೊತ್ತೇನ್ರಿ?" ಮಂದಿ ನಗ್ತಾರ. ನಗಲಿ! ಪಿನಾಂಗ್ ಅಂತಾರ! ಆ ಒಂದು ಮಾತಿನಿಂದ ನಮ್ಮ ಮನಿ ಮುಂದ ಮದುವಿ ಹಂದರ ಏಳಾಕತ್ತೈತಿ.

ನನ್ನ ಮೊಮ್ಮಗ ಧಾರವಾಡದಾಗ ಒಕ್ಕಲುತನದ ಓದು ಓದುವಾಗ, ಸುಮಾತ್ರಾದಿಂದ ಕಲಿಯಾಕ ಬಂದ ಹುಡುಗಿನ್ನ ಮೆಚ್ಚಿದ. ದೇವರು, ಜಾತಿ ಅಂತ ಆಗಬೇಕಾದ ಜಗಳೆಲ್ಲ ಆಗಿ, ದಣಿದು, ಎಲ್ಲಾರೂ ಹೂಂ ಅಂದ್ರು. ಆದರ ಆಮ್ಯಾಲೆ ಗಾಡಿ ಮುಂದ ಸಾಗವಲ್ದು. ನಮ್ಮ ಮನಿತನದಾಗ ಹೆಣ್ಣಿನವರ ಮೊದಲ ಎಲಿ-ಅಡಕಿ ಹಿಡಕೊಂಡು ಬಂದು ಮಾತು ತೆಗೀಬೇಕು. ನನ್ನ ಮಗ ಅದರ ಹಾದಿ ಕಾಯ್ಕೊಂತ ಕುಂತ. ದೀಪಾವಳಿ ಹೋತು, ಸಂಕ್ರಾಂತಿ ಹೋತು, ಅತ್ತಕಡಿಂದ ಒಂದು ಮಾತಿಲ್ಲ.

"ಅವರಿಗೆ ನಮ್ಮ ಹುಡುಗ ಬ್ಯಾಡಾಗ್ಯಾನ. ಬಿಟ್ಟುಬಿಡೂಣು," ಅಂದ ಮಗ. ಮೊಮ್ಮಗ ಗಂಗಾಳ ಬಿಟ್ಟು ಎದ್ದ.

ಯುಗಾದಿಗೆ ಹುಡುಗಿ ನಮ್ಮೂರಿಗೆ ಬಂದ್ಲು, ಮಾರಿ ಸಣ್ಣದು ಮಾಡ್ಕೊಂಡು. ಮಧ್ಯಾಹ್ನ ನಾ ಪಡಸಾಲ್ಯಾಗ ಸಂಚಿ ಬಿಚ್ಚಿ ಅಡಕಿ ಕತ್ತರಸಾಕತ್ತಿದ್ದೆ. ಆಕಿ ಬಾಜೂಕ ಕುಂತು ಫೋನಿನಾಗ ತನ್ನ ಅಜ್ಜಿ ಜೋಡಿ ಮಾತಾಡಾಕತ್ತಿದ್ಲು. ಫೋನು ಹೊಳ್ಳಿಸಿ ನನ್ನ ತೋರಿಸಿದ್ಲು. ಆ ಮುದುಕಿ ನನ್ನ ಮಾರಿ ಎಲ್ಲಿ ನೋಡ್ತಾಳ! ನನ್ನ ಕೈ ನೋಡಿ "ಪಿನಾಂಗ್! ಪಿನಾಂಗ್!" ಅಂತ ಒದರಿ, ಓಡಿಹೋಗಿ ಹಿತ್ತಾಳಿ ಪೆಟ್ಟಿಗಿ ತಂದ್ಲು. ಒಳಗ ಎಲಿ, ಸುಣ್ಣ, ಅಡಕಿ! ಹಲ್ಲು ನನ್ನಂಗ ಕೆಂಪು!

"ಯವ್ವಾ, ನಿಮ್ಮಲ್ಲೂ ತಿಂತಾರ?"

"ತಿನ್ನೂದಷ್ಟ ಅಲ್ಲ ಆಯಿ," ಅಂದ್ಲು ಹುಡುಗಿ, ಮೊಮ್ಮಗ ಕಲಿಸಿದ ಕನ್ನಡದಾಗ. "ಹೆಣ್ಣು ಕೇಳೂದಕ್ಕ ನಾವು ಮೆಮಿನಾಂಗ್ ಅಂತೇವಿ. ಪಿನಾಂಗ್‌ನಿಂದಾನ ಹುಟ್ಟಿದ ಮಾತು. ಗಂಡಿನವರು ಅಡಕಿ ತಂದು ಕೇಳಬೇಕು." ತಲಿ ತಗ್ಗಿಸಿದ್ಲು. "ನೀವು ತರಲಿಲ್ಲ. ನಾ ನಿಮಗ ಬ್ಯಾಡಾಗೇನಿ ಅಂತ ನಮ್ಮಜ್ಜಿ ಅಳ್ತಾಳ."

ಅಯ್ಯ ನನ ಶಿವನ! ಎರಡೂ ಮನಿಯವರು ಬಾಗಲಾಗ ಕುಂತು ಒಬ್ಬರ ಹಾದಿ ಒಬ್ಬರು ಕಾಯಾಕತ್ತೀವಿ!

ಮೊಮ್ಮಗಗ ಹುರುಪು ಬಂತು. ತನ್ನ ಫೋನು ನೋಡ್ಕೋತ ಹೇಳಿದ್ದ ಹೇಳಿದ್ದು. ಮಲೇಷ್ಯಾದಾಗ ಒಂದು ದ್ವೀಪಕ್ಕ ಪಿನಾಂಗ್ ಅಂತ ಅಡಕಿ ಗಿಡದ ಹೆಸರ ಇಟ್ಟಾರಂತ. ಫಿಲಿಪೈನ್ಸ್‌ದಾಗ ಅಡಕಿಗೆ ಬುಂಗಾ ಅಂತಾರಂತ, ಅದ ಬುಂಗಾ ಈ ಹುಡುಗಿ ಊರಾಗ ಹೂವಂತ. ಇಂಗ್ಲಿಷಿನವರು ಅರೇಕಾ ಅಂತಾರಲ್ಲ, ಅದು ನಮ್ಮ ಕಡೆಯ ಅಡಕಿ ಅನ್ನೂ ಮಾತ ಪೋರ್ತುಗೀಸರ ಹಡಗು ಹತ್ತಿ ಹೋಗಿದ್ದಂತ.

"ನೋಡ, ಮಾತು ಸಮುದ್ರ ದಾಟ್ಯಾವ, ನಿಮ್ಮಪ್ಪಗ ಹೊಸ್ತಿಲಾ ದಾಟಾಕ ಆಗವಲ್ದು," ಅಂದೆ, ಮಗಗ ಕೇಳೂಹಂಗ.

"ಗಂಡಿನವರು ನಾವು ಮೊದಲ ಹಿಡಿಯೂದ? ಮಂದಿ ಏನಂದಾರು?" ಅಂದ ಒಳಗಿನಿಂದ.

"ಮಂದಿ ಅಡಕಿ ತಿಂದು ಉಗುಳ್ತಾರ!"

ತಲಿ ಮ್ಯಾಲೆ ಸೆರಗು ಹೊತ್ತು, ಸಂಚ್ಯಾಗಿನ ಎಲಿ ಮ್ಯಾಲೆ ಎರಡು ಅಡಕಿ ಇಟ್ಟು, ಹುಡುಗಿ ಫೋನಿನಾಗಿನ ಅಜ್ಜಿಗೆ ಹಿಡಿಯಾಕ ಹೋದೆ. ಮಗ ಬಂದವನ ನನ್ನ ಕೈ ಹಿಡದ. ಹುಡುಗಿ ಕಣ್ಣು ಮುಚ್ಚಿದ್ಲು.

"ಈ ಬಾಡಿದ ಎಲಿ ತೋರಿಸಿ ಹೆಣ್ಣು ಕೇಳ್ತೀಯೇನವ್ವಾ? ನಮ್ಮ ಮರ್ಯಾದಿ ಏನಾಕ್ಕೈತಿ? ಸವಣೂರ ಎಲಿ ತರ್ತೇನಿ. ಫೋನು ಇಡಬ್ಯಾಡ್ರಿ ಅಂತ ಆ ಅಜ್ಜಿಗೆ ಹೇಳು!" ಅಂತ ಗಾಡಿಗೆ ಕಿಕ್ ಹೊಡದ.

ಆ ಮುದುಕಿ ಇಡ್ಲಿಲ್ಲ. ಅವ ಬರೂತನಕ ಇಬ್ಬರೂ ಮಾರಿ ಮಾರಿ ನೋಡ್ಕೋತ ಅಗದಿದ್ದ ಅಗದಿದ್ದು, ಆಕಿ ಪಿನಾಂಗ್, ನಾ ಅಡಕಿ.